ಹಗೇವಿನ ಕಾಳು ಬೇಗ ತೀರಿದರೆ

"ಅಕ್ಕಾರ, ನನಗ ಈಗ 29. ಎಂಟು ತಿಂಗಳಾತು ಮುಟ್ಟಾಗಿಲ್ಲ. ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್. ರಕ್ತದಾಗ ಎಫ್‌ಎಸ್‌ಎಚ್ 62 ಐತಂತ. ಓದಾಕ ಹೋದ್ರ ಬರೇ ಹೆಣ್ಣಿಲಿಗಳ ಸುದ್ದಿ ಬರ್ತೈತಿ. ಇಲಿಗೂ ನನಗೂ ಏನ್ ಸಂಬಂಧರಿ?"

ನವನಗರದಿಂದ ಬಂದ ಮೆಸೇಜು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವಾಕೆ. ಅತ್ತೆ ಲ್ಯಾಪ್‌ಟಾಪನ್ನೇ ಬಯ್ಯುತ್ತಿದ್ದಾರಂತೆ, ತೊಡೆ ಮೇಲೆ ಇಟ್ಟುಕೊಂಡೇ ಹೀಗಾಯ್ತು ಅಂತ. ಆ ಮಾತು ಮೊದಲು ಮುಗಿಸಿಬಿಡೋಣ: ಲ್ಯಾಪ್‌ಟಾಪಿನಿಂದ ಅಂಡಾಶಯ ಬತ್ತುವುದಿಲ್ಲ.

ಇನ್ನು ಆ 62. ನಂಬರ್ ಜಾಸ್ತಿ ಇದ್ದರೆ ಹಾರ್ಮೋನ್ ಚೆನ್ನಾಗಿದೆ ಅಂತ ಬಹಳ ಜನ ತಿಳಿಯುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ. ಎಫ್‌ಎಸ್‌ಎಚ್ ಹುಟ್ಟುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ. ಅದು ಬಂದು ಅಂಡಾಶಯದ ಕದ ತಟ್ಟಿದಾಗ ಒಳಗಿನ ಅಂಡಾಣು ಬೆಳೆಯುತ್ತದೆ, ಈಸ್ಟ್ರೊಜೆನ್ ತಯಾರಾಗುತ್ತದೆ. ಒಳಗಿಂದ ಉತ್ತರ ಬರದಿದ್ದರೆ ಪಿಟ್ಯುಟರಿ ಇನ್ನಷ್ಟು ಜೋರಾಗಿ ತಟ್ಟುತ್ತದೆ. 62 ಅಂದರೆ ಆ ತಟ್ಟುವ ಸದ್ದು. 40ರೊಳಗಿನವರಲ್ಲಿ ಮುಟ್ಟು ತಪ್ಪಿ, ಎಫ್‌ಎಸ್‌ಎಚ್ 25 ದಾಟಿದ್ದರೆ ಅಂಡಾಶಯ ಅವಧಿಗೆ ಮೊದಲೇ ಸೋಲುತ್ತಿದೆಯಾ ಅಂತ ವೈದ್ಯರು ನೋಡುತ್ತಾರೆ. ಇದು ಅಪರೂಪದ ಕಾಯಿಲೆಯೇನಲ್ಲ. 40ರೊಳಗಿನ ನೂರು ಹೆಂಗಸರಲ್ಲಿ ಒಬ್ಬರಿಗಾದರೂ ಇರುತ್ತದೆ ಅನ್ನುವುದು ಹಳೆಯ ಲೆಕ್ಕ; ಈಚಿನ ಅಂದಾಜು ಅದಕ್ಕಿಂತ ಜಾಸ್ತಿಯೇ.

ಈಗ ಇಲಿಗಳು. ಎಫ್‌ಎಸ್‌ಎಚ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ದಶಕಗಳ ಕಾಲ ಬೆನ್ನುಹತ್ತಿದ್ದರು. ಅವರ ಜೊತೆ ಕೆಲಸ ಮಾಡಿದ್ದ ಎಂ. ರಾಮ್ ಸಾಯಿರಾಂ ಮುಂದೆ ಕೆನಡಾದ ಮಾಂಟ್ರಿಯಲ್‌ಗೆ ಹೋದರು. 1998ರಲ್ಲಿ ಅವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ, ನಾನು ಮೇಲೆ ಹೇಳಿದ ಆ ಕದವೇ ಇಲ್ಲದ ಇಲಿಗಳನ್ನು ಪ್ರಕಟಿಸಿದರು. ಎಫ್‌ಎಸ್‌ಎಚ್ ಹಿಡಿಯುವ ಜೀನನ್ನೇ ಕೆಡಿಸಿದ ಇಲಿಗಳು. ಜೀನಿನ ಎರಡೂ ಪ್ರತಿ ಕೆಟ್ಟ ಹೆಣ್ಣಿಲಿಗಳ ಅಂಡಾಶಯ ಪುಟ್ಟದಾಗೇ ಉಳಿಯಿತು, ಮರಿಯೇ ಆಗಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ: ಈಸ್ಟ್ರೊಜೆನ್ ಇಲ್ಲದೆ ಮೈಗೆ ಕೊಬ್ಬು ಬಂತು, ಎಲುಬು ಕೆಟ್ಟಿತು.

ನನಗೆ ಹೆಚ್ಚು ಕಾಡಿದ್ದು ಇನ್ನೊಂದು ಗುಂಪು, ಒಂದೇ ಪ್ರತಿ ಕೆಟ್ಟ ಇಲಿಗಳು. ಇವು ಮೊದಮೊದಲು ಮರಿ ಹಾಕಿದವು. ನೋಡಿದವರಿಗೆ ಯಾವ ದೋಷವೂ ಕಾಣುತ್ತಿರಲಿಲ್ಲ. ಆದರೆ ಬೇರೆ ಇಲಿಗಳಿಗಿಂತ ಬಹಳ ಬೇಗ ಮರಿ ಆಗುವುದು ನಿಂತುಹೋಯಿತು. ಮನುಷ್ಯರಲ್ಲೂ ಒಂದೇ ಪ್ರತಿ ಕೆಟ್ಟರೆ ಹೀಗೇ ಅಂತ ಇದರಿಂದ ಹೇಳಲು ಬರುವುದಿಲ್ಲ. ಆದರೆ "ಮುಟ್ಟು ಸರಿ ಆಗ್ತಿತ್ತಲ್ಲ, ಒಮ್ಮೆಲೆ ಹೆಂಗ?" ಅನ್ನುವ ಪ್ರಶ್ನೆಗೆ ಅಲ್ಲೊಂದು ಸುಳಿವಿದೆ.

ಇನ್ನೊಂದು ಇಲಿಯ ಕಥೆ 2003ರದ್ದು, ಫಾಕ್ಸೊ3ಎ ಅನ್ನುವ ಜೀನ್ ಇಲ್ಲದ್ದು. ಇದನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಹಗೇವು ಗೊತ್ತಲ್ಲ, ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಅದು. ಹೆಣ್ಣುಮಗು ಹುಟ್ಟುವಾಗಲೇ ಸುಮಾರು 10ರಿಂದ 20 ಲಕ್ಷ ಅಂಡಾಣು ತುಂಬಿದ ಹಗೇವಿನೊಂದಿಗೆ ಬರುತ್ತದೆ. ಮೈನೆರೆಯುವ ಹೊತ್ತಿಗೆ ಮೂರ್ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ಹಣ್ಣಾಗಿ ಹೊರಬರುವುದು ಅದರಲ್ಲಿ ನಾಲ್ಕುನೂರರಷ್ಟು ಮಾತ್ರ. ಫಾಕ್ಸೊ3ಎ ಹಗೇವಿನ ಬಾಯಿ ಮೇಲಿನ ಕಲ್ಲು. ಅದಿಲ್ಲದ ಇಲಿಗಳಲ್ಲಿ ಕಾಳೆಲ್ಲ ಒಮ್ಮೆಲೆ ಎಚ್ಚೆತ್ತು, ಪ್ರಾಯದಲ್ಲೇ ಕಣಜ ಖಾಲಿಯಾಯಿತು.

ಮನುಷ್ಯರಲ್ಲೂ ಉಂಟು. 1995ರಲ್ಲಿ ಫಿನ್ಲೆಂಡಿನ ಕೆಲವು ಕುಟುಂಬಗಳಲ್ಲಿ ಅದೇ ಎಫ್‌ಎಸ್‌ಎಚ್ ಕದದ ಜೀನಿನಲ್ಲಿ ದೋಷ ಸಿಕ್ಕಿತು. ಅಪ್ಪ ಅವ್ವ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ಮಗಳಿಗೆ ತೊಂದರೆ. ಅಪ್ಪ ಅವ್ವ ಆರೋಗ್ಯವಾಗೇ ಇರುತ್ತಾರೆ. ಮೆಸೇಜಿನ ಕೊನೆಗೆ ಆಕೆ ಬರೆದಿದ್ದು: "ನಮ್ಮವ್ವನ್ನ ಸ್ವಂತ ಸೋದರಮಾವಗ ಕೊಟ್ಟಿದ್ರು." ಬಾಗಲಕೋಟೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಸುಮಾರು ಕಾಲುಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಇಂಥ ಮನೆಗಳ ಬಹಳ ಮಕ್ಕಳು ಗಟ್ಟಿಮುಟ್ಟಾಗೇ ಇರುತ್ತಾರೆ, ನಿಜ. ಆದರೂ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಕೂಡುವ ಸಂಭವ ಇಲ್ಲಿ ಹೆಚ್ಚು. ವೈದ್ಯರ ಮುಂದೆ ಈ ಮಾತು ಮುಚ್ಚಿಡಬೇಡಿ.

ಆಕೆಗೊಬ್ಬ ತಂಗಿ ಇದ್ದಾಳೆ, 24 ವರ್ಷ, ಇಳಕಲ್‌ನಲ್ಲಿ. ಅಕ್ಕನಿಗೆ ಜೀನ್ ಕಾರಣ ಅಂತ ಗೊತ್ತಾದರೆ ತಂಗಿಗೆ ಇನ್ನೂ ಟೈಮಿದೆ: ಟೆಸ್ಟ್ ಮಾಡಿಸಬಹುದು, ಬೇಕಾದರೆ ಅಂಡಾಣು ಫ್ರೀಜ್ ಮಾಡಿಸುವ ಬಗ್ಗೆ ಕೇಳಬಹುದು. ಹಾಗಂತ ಉಳಿದವರೆಲ್ಲ ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಎಎಂಎಚ್ ನೋಡಿಸಿಕೊಂಡು ಹೆದರಬೇಡಿ. 2017ರಲ್ಲಿ ಅಮೆರಿಕದಲ್ಲಿ, ಬಂಜೆತನದ ಇತಿಹಾಸವಿಲ್ಲದ, 30 ದಾಟಿದ 750 ಹೆಂಗಸರನ್ನು ಗಮನಿಸಿದಾಗ, ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಬಸಿರಾದರು.

ನವನಗರದ ತಂಗೀ, ಒಂದೇ ರಿಪೋರ್ಟ್ ನೋಡಿ ಅಳುತ್ತ ಕೂಡಬೇಡಿ. ನಾಲ್ಕರಿಂದ ಆರು ವಾರ ಬಿಟ್ಟು ಎಫ್‌ಎಸ್‌ಎಚ್, ಈಸ್ಟ್ರೊಜೆನ್ ಮತ್ತೆ ನೋಡಿಸಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಕ್ರೋಮೊಸೋಮ್ ಪರೀಕ್ಷೆ, ಫ್ರಜೈಲ್ ಎಕ್ಸ್ ಬಗ್ಗೆ ಕೇಳಿ. ಇಷ್ಟೆಲ್ಲ ಮಾಡಿದರೂ ಬಹಳ ಸಲ ಕಾರಣ ಸಿಗುವುದಿಲ್ಲ, ಅದಕ್ಕೂ ತಯಾರಿರಿ. ಬಾಗಿಲು ಪೂರ್ತಿ ಮುಚ್ಚಿಲ್ಲ. ಇಂಥವರಲ್ಲಿ ನೂರಕ್ಕೆ ಐದು ಜನರಿಗೆ ತಾನಾಗೇ ಬಸಿರು ನಿಂತದ್ದುಂಟು. ದಾನಿಯ ಅಂಡಾಣುವಿಗೆ 2021ರ ಕಾನೂನಿನ ಚೌಕಟ್ಟಿದೆ. ಗಂಡನ ವೀರ್ಯ ಪರೀಕ್ಷೆಯನ್ನೂ ಇದೇ ವಾರ ಮಾಡಿಸಿ, ಅತ್ತೆ ಏನೇ ಅನ್ನಲಿ.

ಮಗುವಿನ ಮಾತು ಬರುತ್ತಲೇ ಮನೆಯವರೆಲ್ಲ ಅದೊಂದನ್ನೇ ಹಿಡಿಯುತ್ತಾರೆ. ಆ ಇಲಿಗಳ ಎಲುಬು ಕೆಟ್ಟಿದ್ದನ್ನು ಮರೆಯುತ್ತಾರೆ. ಮಗು ಬೇಕೋ ಬೇಡವೋ, 29ಕ್ಕೇ ಈಸ್ಟ್ರೊಜೆನ್ ಬತ್ತಿದರೆ ಎಲುಬಿಗೂ ಹೃದಯಕ್ಕೂ ಪೆಟ್ಟು. ಬೇರೆ ಅಡ್ಡಿ ಇಲ್ಲದಿದ್ದರೆ, ಸಾಮಾನ್ಯವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ ಹಾರ್ಮೋನ್ ಮಾತ್ರೆಯನ್ನೋ ಪ್ಯಾಚನ್ನೋ ವೈದ್ಯರು ಕೊಡುತ್ತಾರೆ. ಈ ಮಾತ್ರೆ ಮಕ್ಕಳಾಗಲಿ ಅಂತ ಅಲ್ಲ, ನಿಮ್ಮ ಮೈಗೆ ಸಿಗಬೇಕಾದದ್ದನ್ನು ಸಿಗುವಂತೆ ಮಾಡಲು. ಮುಂದಿನ ಸಲ ಹೋದಾಗ ನೀವೇ ಕೇಳಿಬಿಡಿ: "ನನ್ನ ಎಲುಬಿನ ಸ್ಕ್ಯಾನ್ ಯಾವಾಗ ಮಾಡಸೋಣ್ರಿ?"