ನೆಂಟರಿಗೆ ಯಾವ ಊರು ತೋರಿಸುವುದು?

ಊರಿನಿಂದ ಯಾರಾದರೂ ಅಮೆರಿಕಕ್ಕೆ ಬರುತ್ತಾರೆಂದು ಗೊತ್ತಾದ ಕೂಡಲೆ ಇಲ್ಲಿರುವ ನಮ್ಮವರೆಲ್ಲ ಒಂದೇ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ. ರಜೆ ಹೆಚ್ಚಿದ್ದರೆ ಲಾಸ್ ವೇಗಸ್, ಲಾಸ್ ಏಂಜಲಿಸ್. ಜೊತೆಗೆ ಮೊಮ್ಮಕ್ಕಳಿದ್ದರೆ ಡಿಸ್ನಿ. ಈ ಪಟ್ಟಿಯನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿದವನಲ್ಲ, ವರ್ಷಗಟ್ಟಲೆ ಅದನ್ನೇ ಒಪ್ಪಿಸಿದವನು. ಆದ್ದರಿಂದ ಇಲ್ಲಿ ನಾನು ಆಡುವ ಬೈಗುಳದಲ್ಲಿ ಮೊದಲ ಪಾಲು ನನ್ನದೇ.

1996ರ ಬೇಸಿಗೆಯಲ್ಲಿ ಅಕ್ಕ, ಭಾವ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಭಾವ ಸಾಗರದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಬೆಳಿಗ್ಗೆ ಪೇಟೆಗೆ ನಡೆದುಹೋಗಿ ಪತ್ರಿಕೆ ಕೊಂಡು, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿ ಬರದಿದ್ದರೆ ಅವರಿಗೆ ತಿಂಡಿ ಸೇರುತ್ತಿರಲಿಲ್ಲ. ನಮ್ಮ ಬಡಾವಣೆಯಲ್ಲಿ ಪತ್ರಿಕೆ ಕೊಳ್ಳಬೇಕಾದರೆ ಮೂರು ಮೈಲಿ ಕಾರಿನಲ್ಲಿ ಹೋಗಬೇಕು. ನಡೆಯುವವರಿಗೆಂದು ದಾರಿಯೇ ಇಲ್ಲ. ಎರಡನೆಯ ದಿನ ಪಂಚೆಯುಟ್ಟು ರಸ್ತೆಯ ಅಂಚಿನಲ್ಲಿ ಹೊರಟವರನ್ನು ಕಂಡು ಪಕ್ಕದ ಮನೆಯಾಕೆ ಕಾರು ನಿಲ್ಲಿಸಿ, ಏನಾದರೂ ತೊಂದರೆಯಾಯಿತೇ ಎಂದು ವಿಚಾರಿಸಿ, ಕೂರಿಸಿಕೊಂಡು ಬಂದು ಮನೆಗೆ ಬಿಟ್ಟಳು. ಆಕೆಯ ಮನಸ್ಸು ಒಳ್ಳೆಯದೇ. ಆದರೆ ಆಮೇಲೆ ಭಾವ ಒಬ್ಬರೇ ಹೊರಗೆ ಹೋಗಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕಿಟಕಿ, ಶನಿವಾರ ಬಂದರೆ ಕಾರು.

ನಯಾಗರಕ್ಕೆ ಏಳು ಗಂಟೆಯ ದಾರಿ. ಕಂಬಿ ಹಿಡಿದು ಬಹಳ ಹೊತ್ತು ನೋಡಿದ ಭಾವ ಕೇಳಿದ್ದು ಒಂದೇ ಮಾತು: "ಇದೂ ನಮ್ಮ ಜೋಗದ ಹಾಗೆ ಬಿಟ್ಟ ನೀರೋ, ತಾನಾಗಿ ಬಂದ ನೀರೋ?" ನಾನು ನಕ್ಕುಬಿಟ್ಟೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅವರ ಅನುಮಾನ ಸರಿಯಾಗಿತ್ತು. ಅಮೆರಿಕ, ಕೆನಡಾ ನಡುವಿನ 1950ರ ಒಪ್ಪಂದದ ಪ್ರಕಾರ ಪ್ರವಾಸಿಗಳು ಬರುವ ತಿಂಗಳುಗಳಲ್ಲಿ, ಹಗಲು ಹೊತ್ತು, ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಬೀಳಬೇಕು; ರಾತ್ರಿಗೆ ಮತ್ತು ಚಳಿಗಾಲಕ್ಕೆ ಅದರ ಅರ್ಧ ಸಾಕು. ಉಳಿದದ್ದು ಸುರಂಗಗಳಲ್ಲಿ ಇಳಿದು ವಿದ್ಯುತ್ತಾಗುತ್ತದೆ. ಲಿಂಗನಮಕ್ಕಿಯ ನೆರೆಯಲ್ಲಿ ಬದುಕಿದವರಿಗೆ ಐದು ನಿಮಿಷದಲ್ಲಿ ಹೊಳೆದದ್ದು ಈ ದೇಶದಲ್ಲಿ ಹದಿನೆಂಟು ವರ್ಷ ಇದ್ದ ನನಗೆ ಹೊಳೆದಿರಲಿಲ್ಲ.

ಅಲ್ಲಿಗೆ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಇಲ್ಲ, ಮುಂದಿನ ವಾರ ವಿಮಾನ ಹತ್ತಿಸಿ ಲಾಸ್ ವೇಗಸ್ಸಿಗೆ ಕರೆದೊಯ್ದೆ. ಮೂವತ್ತು ವರ್ಷ ಈಜಿಪ್ಟಿನ ಪಿರಮಿಡ್ಡಿನ ಪಾಠ ಮಾಡಿದ ಮೇಷ್ಟರಿಗೆ 1993ರಲ್ಲಿ ತೆರೆದ ಕಪ್ಪು ಗಾಜಿನ ಪಿರಮಿಡ್ಡನ್ನು ತೋರಿಸಿದೆ, ಒಳಗೆ ಜೂಜಿನ ಯಂತ್ರಗಳ ಕಿಣಿಕಿಣಿ. ಅವರು ಹೋದ ಮೇಲೆ, 1999ರಲ್ಲಿ, ಅದೇ ಬೀದಿಯಲ್ಲಿ ಅರ್ಧ ಅಳತೆಯ ಐಫೆಲ್ ಗೋಪುರವೂ ವೆನಿಸ್ಸಿನ ಕಾಲುವೆಯೂ ಬಂದವು. ತಮಾಷೆಯೆಂದರೆ ಆ ಹೆಸರಾಂತ ಬೀದಿಯ ಬಹುಪಾಲು ಲಾಸ್ ವೇಗಸ್ ನಗರದ ಎಲ್ಲೆಯೊಳಗೇ ಇಲ್ಲ. ಊರೂ ಅಲ್ಲದ ಊರಿನಲ್ಲಿ ಇನ್ನೊಬ್ಬರ ಊರುಗಳ ನಕಲು!

ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟುತ್ತಿದ್ದಾಗ ಭಾವ ಸಂಕೋಚದಿಂದ ಕೇಳಿದರು: "ಅಲ್ಲ ಮಾರಾಯ, ವಿವೇಕಾನಂದರು ಮಾತಾಡಿದ ಊರು ಇಲ್ಲಿಂದ ಬಹಳ ದೂರವೋ?"

"ಶಿಕಾಗೊ ತಾನೆ? ದೂರವೇ ಭಾವ. ಅಲ್ಲಿ ನೋಡುವಂಥದ್ದು ಏನೂ ಇಲ್ಲ" ಅಂದೆ. ಶಿಕಾಗೊದಲ್ಲಿ ಅಲ್ಲಿಯವರೆಗೆ ನಾನು ಕಂಡಿದ್ದದ್ದು ವಿಮಾನ ನಿಲ್ದಾಣ ಒಂದನ್ನೇ.

ಭಾವ 2003ರಲ್ಲಿ ತೀರಿಕೊಂಡರು. 2005ರಲ್ಲಿ ಕೆಲಸದ ಮೇಲೆ ಶಿಕಾಗೊದಲ್ಲಿ ಒಂದು ವಾರ ಇರಬೇಕಾಗಿ ಬಂದು, ಸಂಜೆಗಳಲ್ಲಿ ಊರು ಸುತ್ತಿದೆ. ಪಟ್ಟಿಯ ಮೇಲೆ ನನ್ನ ಜಗಳ ಶುರುವಾದದ್ದು ಅಲ್ಲಿಂದ.

ನನ್ನ ಮೊದಲ ತಕರಾರು ಕಾಲಿನದು. ಬರುವವರು ಬಹುಪಾಲು ಅರವತ್ತು ದಾಟಿದವರು, ಇಲ್ಲಿ ಕಾರು ಬಿಡಲಾರದವರು. ಅವರಿಗೆ ಹೇಳುವ ಊರಿನಲ್ಲಿ ಯಾರ ಹಂಗೂ ಇಲ್ಲದೆ ಒಬ್ಬರೇ ಹೊರಬಿದ್ದು ತಿರುಗಾಡಿ ಬರಲು ಸಾಧ್ಯವಾಗಬೇಕು. ಶಿಕಾಗೊದಲ್ಲಿ ವಿಮಾನ ನಿಲ್ದಾಣದ ಒಳಗಿನಿಂದಲೇ ರೈಲು ಹತ್ತಿ ಊರ ನಡುವೆ ಇಳಿಯಬಹುದು. ಕಬ್ಬಿಣದ ಕಂಬಗಳ ಮೇಲೆ ಓಡುವ ಆ ರೈಲು ಮಹಡಿ ಕಿಟಕಿಗಳಿಗೆ ಉಜ್ಜಿಕೊಂಡೇ ಹೋಗುತ್ತದೆ. ಯಾರ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆಂದು ಕಾಣುತ್ತದೆ. ಸಮುದ್ರದಂಥ ಕೆರೆ, ಅದರ ಉದ್ದಕ್ಕೂ ಸುಮಾರು 18 ಮೈಲಿ ನಡೆಯುವ ದಾರಿ, ಯಾರಪ್ಪನ ಸ್ವತ್ತೂ ಅಲ್ಲ.

ಎರಡನೆಯದು, ಊರಿಗೆ ಹೇಳಿಕೊಳ್ಳಲು ತನ್ನದೇ ಕಥೆ ಇರಬೇಕು. 1871ರಲ್ಲಿ ಶಿಕಾಗೊ ಸುಟ್ಟುಹೋಗಿ ಸುಮಾರು 1 ಲಕ್ಷ ಜನ ಮನೆ ಕಳೆದುಕೊಂಡರು. ಮತ್ತೆ ಕಟ್ಟುವಾಗ ಗೋಡೆಯ ಬದಲು ಲೋಹದ ಹಂದರವೇ ಭಾರ ಹೊರುವ ಹಾಗೆ ಕಟ್ಟಲು ಕಲಿತರು. 1885ರ ಹತ್ತಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಗಗನಚುಂಬಿಗಳ ಹಿರಿಯಜ್ಜ ಎನ್ನುತ್ತಾರೆ. 110 ಅಂತಸ್ತಿನ ಸಿಯರ್ಸ್ ಗೋಪುರಕ್ಕೆ (2009ರಿಂದ ಅದರ ಹೆಸರು ವಿಲ್ಲಿಸ್) ಲೆಕ್ಕ ಹಾಕಿಕೊಟ್ಟವರು ಢಾಕಾದಲ್ಲಿ ಹುಟ್ಟಿದ ಫಜಲುರ್ ರಹಮಾನ್ ಖಾನ್. ಊರಿನ ಕೊಳಕು ನದಿಯ ಮೂಲಕ ಕುಡಿಯುವ ನೀರಿನ ಕೆರೆಗೇ ಸೇರುತ್ತಿತ್ತೆಂದು 1900ರಲ್ಲಿ ಕಾಲುವೆ ತೋಡಿ ನದಿಯನ್ನೇ ಹಿಂದಕ್ಕೆ ಹರಿಸಿದರು. ಎಂಟು ಗಂಟೆಯ ದುಡಿಮೆ ಕೇಳಿದ ಚಳವಳಿಯ ನಡುವೆ 1886ರಲ್ಲಿ ಹೇಮಾರ್ಕೆಟ್ಟಿನಲ್ಲಿ ಬಾಂಬು ಸಿಡಿದು, ಮರುವರ್ಷ ನಾಲ್ವರನ್ನು ಗಲ್ಲಿಗೇರಿಸಿದ್ದೂ ಇಲ್ಲಿಯೇ. ಅವರ ನೆನಪಿನ ಮೇ ದಿನಕ್ಕೆ ಎಷ್ಟೋ ದೇಶಗಳಲ್ಲಿ ರಜೆ. ಅಮೆರಿಕದಲ್ಲಿ ಕಾರ್ಮಿಕರ ರಜೆ ಸೆಪ್ಟೆಂಬರಿನಲ್ಲಿ.

1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ ಕಟ್ಟಡ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾಶಾಲೆ. ಸಭೆಗೆಂದು ತಾತ್ಕಾಲಿಕವಾಗಿ ಮಾಡಿದ್ದ ಆ ಸಭಾಂಗಣ ಉಳಿದಿಲ್ಲ. ಆದರೆ ಮುಂದಿನ ಬೀದಿಯ ಒಂದು ತುಣುಕಿಗೆ ಅವರ ಹೆಸರಿನ ಫಲಕ ಹಾಕಿದ್ದಾರೆ. ಅದೇ ಊರಿನ ದಕ್ಷಿಣಕ್ಕೆ ಇನ್ನೊಂದು ಜಾಗ. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅರವತ್ತರ ದಶಕದ ಮೊದಲಿನಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ ವಿಶ್ವವಿದ್ಯಾಲಯ. ವಚನಗಳನ್ನು ಇಂಗ್ಲಿಷಿಗೆ ತಂದ ಅವರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಹೊರಬಂದಾಗ ಅವರು ಅಲ್ಲಿದ್ದರು. ಕನ್ನಡದ ಮೇಷ್ಟರೊಬ್ಬರಿಗೆ ಈ ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದವನು ನಾನು. 2008ರಲ್ಲಿ ಅಕ್ಕ ಒಬ್ಬಳೇ ಬಂದಾಗ ಕರೆದುಕೊಂಡು ಹೋದೆ. ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಲು ಒಪ್ಪಲಿಲ್ಲ. "ಅವರು ಇದ್ದಾಗ ತಾನೆ" ಎಂದಳು, ಅಷ್ಟೇ.

ಮೂರನೆಯ ತಕರಾರು ನಾವು ಯಾರ ದಾರಿಯಲ್ಲಿ ಬಂದೆವು ಎಂಬುದು. ಇದನ್ನು ಹೇಳಿದರೆ ನನ್ನ ಗೆಳೆಯರು ಮುಖ ತಿರುಗಿಸುತ್ತಾರೆ. ಶಿಕಾಗೊದಿಂದ ರಾತ್ರಿ ಒಂದು ರೈಲು ದಕ್ಷಿಣಕ್ಕೆ ಹೊರಡುತ್ತದೆ, ಹೆಸರು ಸಿಟಿ ಆಫ್ ನ್ಯೂ ಆರ್ಲಿಯನ್ಸ್. ದಕ್ಷಿಣದ ಹತ್ತಿಯ ಹೊಲ, ಹಸಿವು, ಹಗ್ಗ ಇವುಗಳಿಂದ ತಪ್ಪಿಸಿಕೊಂಡು ಕರಿಯರು ಉತ್ತರಕ್ಕೆ ಬಂದದ್ದು ಇದೇ ದಿಕ್ಕಿನ ಹಳಿಗಳ ಮೇಲೆ. ಸುಮಾರು 1916ರಿಂದ 1970ರ ತನಕ ಹೀಗೆ ದಕ್ಷಿಣ ಬಿಟ್ಟವರು 60 ಲಕ್ಷ ಜನ. ಅವರು ಬಂದ ದಾರಿಯಲ್ಲಿ ತಿರುಗಿ ಹೋದರೆ ಬೆಳಗಾಗುವ ಹೊತ್ತಿಗೆ ಮೆಂಫಿಸ್.

ಮೆಂಫಿಸ್ಸಿನಲ್ಲಿ 1968ರ ಫೆಬ್ರವರಿ 1ರಂದು ಮಳೆಗೆ ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಪೌರಕಾರ್ಮಿಕರನ್ನು ಕಸ ಅರೆಯುವ ಯಂತ್ರ ಅರೆದುಹಾಕಿತು. ಸುಮಾರು 1,300 ಕಾರ್ಮಿಕರು, ಹೆಚ್ಚುಕಡಿಮೆ ಎಲ್ಲರೂ ಕರಿಯರು, ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಎದೆಯ ಮೇಲಿನ ಹಲಗೆಯಲ್ಲಿ ಇದ್ದದ್ದು ಒಂದೇ ಸಾಲು: ನಾನೊಬ್ಬ ಮನುಷ್ಯ. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲಿನ ಮಹಡಿಯ ಮೊಗಸಾಲೆಯಲ್ಲಿ ಗುಂಡಿಗೆ ಬಿದ್ದರು. ಆ ಮೋಟೆಲು 1991ರಿಂದ ವಸ್ತುಸಂಗ್ರಹಾಲಯ. 306ನೆಯ ಕೋಣೆಯ ಮುಂದೆ ಈಗಲೂ ಒಂದು ಹೂವಿನ ಚಕ್ರ ತೂಗುತ್ತದೆ. ಮಲದ ಗುಂಡಿಗೆ ಇಳಿದು ಸತ್ತವರ ಸುದ್ದಿಯನ್ನು ಪತ್ರಿಕೆಯ ಒಳಪುಟದಲ್ಲಿ ಓದಿ ಮಡಚಿಡುವ ನಮಗೆ ಆ ಲಾರಿಯ ಕಥೆ ಪರದೇಶದ್ದು ಅನ್ನಿಸುವುದಿಲ್ಲ.

ಇದಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಲೆಕ್ಕ ಹೇಳುತ್ತೇನೆ. 1946ರ ಕಾನೂನಿನಂತೆ ಭಾರತದಿಂದ ಇಲ್ಲಿಗೆ ವಲಸೆ ಬರಬಹುದಾಗಿದ್ದವರು ವರ್ಷಕ್ಕೆ 100 ಜನ. ಬಾಗಿಲು ತೆರೆದದ್ದು 1965ರ ಕಾನೂನು, ಕರಿಯರ ಹೋರಾಟ ಈ ದೇಶದ ಮುಖಕ್ಕೆ ಕನ್ನಡಿ ಹಿಡಿದ ಅದೇ ವರ್ಷಗಳಲ್ಲಿ. 1978ರಲ್ಲಿ ನಾನು ಎರಡು ಪೆಟ್ಟಿಗೆ ಹಿಡಿದು ಇಳಿದದ್ದು ಆ ಬಾಗಿಲಿನಿಂದ. ಬಾಗಿಲು ತೆರೆಸಿದವರ ಊರನ್ನು ತೋರಿಸದೆ, ನೆಂಟರಿಗೆ ನಮ್ಮ ಮನೆಯ ಎರಡು ಕಾರಿನ ಗ್ಯಾರೇಜು ತೋರಿಸುತ್ತೇವೆ.

"ಆ ಊರುಗಳಲ್ಲಿ ಗುಂಡು ಹಾರುತ್ತದೆ, ವಯಸ್ಸಾದವರನ್ನು ಕಳಿಸುತ್ತೀರಾ?" ಎನ್ನುತ್ತಾರೆ. ಹಾರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಹೆಚ್ಚಾಗಿ ತಗಲುವುದು ಬೇರೆಲ್ಲೂ ಹೋಗಲಾರದೆ ಅಂಥ ಕೇರಿಗಳಲ್ಲಿ ಸಿಕ್ಕಿಕೊಂಡ ಬಡವರಿಗೆ. ಹಗಲಲ್ಲಿ ಓಡಾಡಿ, ಇಳಿದುಕೊಂಡ ಕಡೆ ಕೇಳಿಕೊಂಡು ಹೋಗಿ. ಬೆಂಗಳೂರಿನಲ್ಲೂ ಹೇಳುವುದು ಇದನ್ನೇ. ಅಮೆರಿಕದ ರಸ್ತೆಗಳಲ್ಲಿ 2023ರಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೆಂಫಿಸ್ಸಿಗೆ ಹೆದರುವವರು ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ರಾತ್ರಿಯೆಲ್ಲ ನಯಾಗರಕ್ಕೆ ಕಾರು ಓಡಿಸಲು ಮಾತ್ರ ಹೆದರುವುದಿಲ್ಲ.

ನ್ಯೂಯಾರ್ಕನ್ನು ನಾನು ಪಟ್ಟಿಯಿಂದ ತೆಗೆಯುವುದಿಲ್ಲ. ಅಲ್ಲಿ ಕಾಲಿಗೆ ಮರ್ಯಾದೆ ಇದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳಿಗೆ ದುಡ್ಡಿಲ್ಲ, ಅದೂ ಇರಲಿ. ಆದರೆ ನಮ್ಮ ಮನೆಯಿಂದ ಒಂದೂಕಾಲು ಗಂಟೆ ದೂರದ ಫಿಲಡೆಲ್ಫಿಯಕ್ಕೂ ಭಾವನನ್ನು ಕರೆದೊಯ್ಯಲಿಲ್ಲವಲ್ಲ! ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿ ಸಾರಿದ ಕಟ್ಟಡ ಅಲ್ಲಿದೆ. ಅದರ ಹತ್ತಿರದಲ್ಲೇ ಅಧ್ಯಕ್ಷ ವಾಷಿಂಗ್ಟನ್ ಒಂಬತ್ತು ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯ ಅಡಿಪಾಯ. ಆರು ತಿಂಗಳು ನೆಲೆಸಿದ ಗುಲಾಮ ಬಿಡುಗಡೆ ಕೇಳಬಹುದೆಂದು ಆ ರಾಜ್ಯದ ಕಾನೂನು. ಅವಧಿ ತುಂಬುವ ಮೊದಲೇ ಅವರನ್ನು ಗಡಿ ದಾಟಿಸಿ ಮತ್ತೆ ಕರೆತರುವುದು ದೊರೆಯ ಉಪಾಯ. ಓನಾ ಜಡ್ಜ್ ಎಂಬ ಹುಡುಗಿ 1796ರಲ್ಲಿ ತಪ್ಪಿಸಿಕೊಂಡು ಹೋದಳು, ಮತ್ತೆ ಕೈಗೆ ಸಿಗಲಿಲ್ಲ. ಭಾವ ಇದನ್ನು ಕೇಳಿದ್ದರೆ ಊರಿಗೆ ಹೋಗಿ ಒಂದು ವಾರ ಹೇಳಿಕೊಂಡು ತಿರುಗುತ್ತಿದ್ದರು.

ಈಗ ಅಕ್ಕನ ಮೊಮ್ಮಗಳು ಅತ್ತೆ ಮಾವನ ಜೊತೆ ಬರುವವಳಿದ್ದಾಳೆ. ಯಾವ ಊರು ನೋಡಬೇಕು ಎಂದು ಕೇಳಿದ್ದಳು. ಫಿಲಡೆಲ್ಫಿಯ, ಶಿಕಾಗೊ, ಮೆಂಫಿಸ್ ಎಂದು ಬರೆದೆ. "ಅಜ್ಜಾ, ವೇಗಸ್ ಬಿಟ್ಟುಹೋಗಿದೆ" ಎಂದು ಉತ್ತರ ಬಂತು. ಬಿಟ್ಟುಹೋದದ್ದಲ್ಲ, ಬಿಟ್ಟದ್ದು ಎಂದು ಬರೆದು, ರೈಲಿನ ಹೊತ್ತನ್ನೂ ಹಾಕಿದ್ದೇನೆ. ಶಿಕಾಗೊದಿಂದ ಹೊರಡುವುದು ರಾತ್ರಿ ಎಂಟರ ಸುಮಾರಿಗೆ. ಹೊದೆಯಲು ಒಂದು ಶಾಲು ಕೈಚೀಲದಲ್ಲೇ ಇರಲಿ, ಡಬ್ಬಿಯೊಳಗೆ ವಿಪರೀತ ಚಳಿ.