ನೆಪ ಮತ್ತು ಕಾರಣ

ಹುಮನಾಬಾದಿನ ನೆರೆಯಲ್ಲಿರುವ ಬಸವಕಲ್ಯಾಣದ ಕೋಟೆಯನ್ನು ನೋಡಿದವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಪ್ರಬಲ ಸಾಮ್ರಾಜ್ಯವೊಂದು ನೆರೆರಾಜ್ಯದ ಮೇಲೆ ಏಕೆ ಏರಿಹೋಗುತ್ತದೆ?

1656ರಲ್ಲಿ ಬಿಜಾಪುರದ ಮುಹಮ್ಮದ್ ಆದಿಲ್‌ಶಾಹನು ತೀರಿಕೊಂಡನು. ಪಟ್ಟವೇರಿದ ಎರಡನೆಯ ಅಲಿಯು ಆತನ ಔರಸಪುತ್ರನಲ್ಲವೆಂದು ಮೊಗಲರು ನೆಪ ತೆಗೆದರು. ನಿಜವಾದ ಕಾರಣಗಳು ರಾಜ್ಯದಾಹ ಹಾಗೂ ಬಿಜಾಪುರದ ಒಳಜಗಳ. 1657ರಲ್ಲಿ ರಾಜಕುಮಾರ ಔರಂಗಜೇಬನ ಸೇನೆಯು ಬೀದರನ್ನು ಗೆದ್ದು ಕಲ್ಯಾಣಕ್ಕೆ ಮುತ್ತಿಗೆ ಹಾಕಿತು. ಸುತ್ತಲಿನ ಹಳ್ಳಿಗಳು ಸೂರೆಯಾದವು. ತಿಂಗಳುಗಟ್ಟಲೆ ಕಾದಾಡಿದ ಕೋಟೆಯು ಶರಣಾಯಿತು.

ಗೆದ್ದವರಿಗಾದರೂ ನೆಮ್ಮದಿ ದೊರೆಯಿತೆ? ಬಳಲಿದ ಬಿಜಾಪುರದ ನೆಲದಲ್ಲಿಯೇ ಶಿವಾಜಿಯು ಪ್ರಬಲನಾದನು. 1686ರಲ್ಲಿ ಬಿಜಾಪುರವು ಬಿದ್ದರೂ ಯುದ್ಧವು ಮುಗಿಯಲಿಲ್ಲ. ಮೊಗಲರ ಬೊಕ್ಕಸವು ಬರಿದಾಯಿತು. 1707ರಲ್ಲಿ ಔರಂಗಜೇಬನು ದಖ್ಖನಿನಲ್ಲಿಯೇ ಕಣ್ಮುಚ್ಚಿದನು.

ನೆರೆಯವರ ದೌರ್ಬಲ್ಯವನ್ನು ತನ್ನ ಭಾಗ್ಯವೆಂದು ಬಗೆಯುವ ಬಲಾಢ್ಯ ರಾಜ್ಯವು ತನ್ನ ಅವನತಿಗೂ ಅಡಿಗಲ್ಲಿಡುತ್ತದೆ. ಯುದ್ಧದ ವಾರ್ತೆಯನ್ನು ಕೇಳಿದಾಗಲೆಲ್ಲ ನೆಪವನ್ನು ನಂಬದೆ ಕಾರಣವನ್ನು ಹುಡುಕುವುದು ವಿದ್ಯಾವಂತರ ಕರ್ತವ್ಯ.