ಅನ್ನಕ್ಕೆ ಶಿಕ್ಷೆ, ಚಪಾತಿಗೆ ಜಾಮೀನು

ಸಕ್ಕರೆ ಕಾಯಿಲೆಯವನಿಗೆ ಈ ದೇಶದಲ್ಲಿ ಸಲಹೆಗೆ ಬರವಿಲ್ಲ. ಅವನು ದಕ್ಷಿಣದವನಾಗಿದ್ದು ದೆಹಲಿಯಲ್ಲಿ ವಾಸವಾಗಿದ್ದರಂತೂ ಸಲಹೆ ಒಂದೇ, ಹೇಳುವ ಬಾಯಿ ಮಾತ್ರ ನೂರು. "ಚಾವಲ್ ಛೋಡಿಯೇ, ರೋಟಿ ಖಾಯಿಯೇ." ರೋಹಿಣಿಯ ನಮ್ಮ ಕೆಳಮನೆಯ ನಿವೃತ್ತ ಮೇಷ್ಟ್ರು, ಜಪಾನೀಸ್ ಪಾರ್ಕಿನ ವಾಕಿಂಗ್ ಗೆಳೆಯರು, ಔಷಧಿ ಅಂಗಡಿಯ ಹುಡುಗ, ವಾರದ ಸಂತೆಯಲ್ಲಿ ಹೂಕೋಸು ಮಾರುವವನು, ಎಲ್ಲರೂ ಕೊಟ್ಟ ತೀರ್ಪು ಒಂದೇ: ಅನ್ನ ಅಪರಾಧಿ, ಚಪಾತಿ ನಿರಪರಾಧಿ. ಹೋಗಲಿ, ಊರಿಗೆ ಬಂದರಾದರೂ ಬಚಾವೇ? ಅಲ್ಲೂ "ಅವರಿಗೆ ಶುಗರ್ ಇದೆ, ಎರಡು ಚಪಾತಿ ಲಟ್ಟಿಸೇ" ಅಂತ ಅಡುಗೆಮನೆಗೆ ಆಜ್ಞೆ ಹೋಗುತ್ತದೆ. ಮಿಕ್ಕವರೆಲ್ಲ ಹುಳಿಯನ್ನ ಕಲಸುವಾಗ ನಾನು ಪಥ್ಯದವನ ಹಾಗೆ ಚಪಾತಿ ಹರಿಯುತ್ತ ಕೂರಬೇಕು.

ಈ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ತಿಪಟೂರಿನ ಕಡೆಯವನು. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ, ಪ್ರಮೋಷನ್ನಿನ ಜೊತೆ ಬಂದ ವರ್ಗಾವಣೆಯಲ್ಲಿ ದೆಹಲಿಗೆ ಬಂದೆ. 2004ರಲ್ಲಿ ಮೆಟ್ರೋ ರೈಲು ರಿಠಾಲಾವರೆಗೆ ಬಂದು ಓಡಾಟ ಸುಲಭವಾದ ಮೇಲೆ ರೋಹಿಣಿಯಲ್ಲಿ ಮನೆ ಮಾಡಿಕೊಂಡೆವು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಕಾಯಿಲೆ ಪತ್ತೆಯಾಗಿ ಹದಿಮೂರು ವರ್ಷವಾಯಿತು. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ, ಲೆಕ್ಕ ಗೊತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಇನ್ನೊಬ್ಬರ ಲೆಕ್ಕ ನೋಡಿದವನು ತನ್ನ ರಕ್ತದ ಲೆಕ್ಕ ನೋಡಿಕೊಳ್ಳಲಾರನೇ?

ಮೊದಲು ಪುಸ್ತಕದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಕೋಷ್ಟಕ ಹೊರತಂದಿತು. ಅದರ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಸುಮಾರು 78 ಗ್ರಾಂ. ಗೋಧಿ ಹಿಟ್ಟಿನಲ್ಲಿ 64, ರಾಗಿಯಲ್ಲಿ 67, ಜೋಳದಲ್ಲಿ 68. ಗೋಧಿ, ರಾಗಿಗಳಲ್ಲಿ ನಾರು ಹೆಚ್ಚು, ಒಪ್ಪೋಣ. ಆದರೆ ಹೊಟ್ಟೆಗೆ ಹೋದ ಪಿಷ್ಟವೆಲ್ಲ ಕೊನೆಗೆ ಗ್ಲೂಕೋಸೇ ಆಗಬೇಕು. ಅರವತ್ತನಾಲ್ಕು ಬಿಟ್ಟರೆ ಎಪ್ಪತ್ತೆಂಟು, ಇಷ್ಟು ಅಂತರಕ್ಕೆ ಒಬ್ಬನಿಗೆ ಗಲ್ಲು, ಇನ್ನೊಬ್ಬನಿಗೆ ಹಾರ ಅಂದರೆ ಅದು ಯಾವ ನ್ಯಾಯ ಸ್ವಾಮಿ?

ಇನ್ನು ನನ್ನ ಲೆಕ್ಕ. ಒಂದು ಡೈರಿ ಇಟ್ಟೆ. ಎಡಗಡೆ ತಿಂದದ್ದು, ಬಲಗಡೆ ಮೀಟರಿನ ಅಂಕಿ. ಊಟಕ್ಕೆ ಮುಂಚೆ 120ರ ಆಸುಪಾಸು ಇದ್ದ ದಿನಗಳನ್ನೇ ಆರಿಸಿಕೊಂಡು, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಬೆರಳು ಚುಚ್ಚಿಕೊಂಡೆ. ಎರಡು ಬಟ್ಟಲು ಅನ್ನ, ಸಾರು: 231. ಮೂರು ಚಪಾತಿ, ಆಲೂಗಡ್ಡೆ ಪಲ್ಯ: 224. ದೊಡ್ಡದೊಂದು ಮುದ್ದೆ, ಉಪ್ಪುಸಾರು: 217. ಕೊನೆಗೆ ಅರ್ಧ ಬಟ್ಟಲು ಅನ್ನ, ತಟ್ಟೆಯ ಅರ್ಧ ಭಾಗ ಮೆಂತ್ಯದ ಸೊಪ್ಪಿನ ಪಲ್ಯ, ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಗಟ್ಟಿ ಮೊಸರು: 156. ಒಂದೊಂದನ್ನೂ ಬೇರೆ ಬೇರೆ ದಿನ ಮೂರು ಸಲ ನೋಡಿದೆ. ಅಂಕಿ ಅಷ್ಟಿಷ್ಟು ಅತ್ತಿತ್ತ ಆಯಿತೇ ವಿನಾ ಕಥೆ ಬದಲಾಗಲಿಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನವರು ಬಹುಪಾಲು ವಯಸ್ಕರಿಗೆ ಊಟದ ನಂತರ 180ರ ಒಳಗಿರಲಿ ಅನ್ನುತ್ತಾರೆ. ನನ್ನ ಡೈರಿಯಲ್ಲಿ ಆ ಗೆರೆಯೊಳಗೆ ನಿಂತ ಊಟ ಅನ್ನದ್ದೇ!

ಹಾಗಾದರೆ ಚಪಾತಿಗೆ ಬದಲಾಯಿಸಿಕೊಂಡು ಗುಣ ಕಂಡವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅನ್ನವನ್ನು ಯಾರೂ ಎಣಿಸುವುದಿಲ್ಲ. ಸಾರಿಗೊಂದಿಷ್ಟು, ಹುಳಿಗೊಂದಿಷ್ಟು, ಮಜ್ಜಿಗೆಗೊಂದಿಷ್ಟು ಅಂತ ಬಡಿಸುತ್ತಲೇ ಹೋಗುತ್ತಾರೆ. ಚಪಾತಿಯನ್ನು ಎಣಿಸುತ್ತಾರೆ. ಗುಡ್ಡೆ ಅನ್ನ ಬಿಟ್ಟು ಎರಡೇ ಚಪಾತಿಗೆ ಬಂದವನ ಸಕ್ಕರೆ ಇಳಿಯದೆ ಏನು ಮಾಡೀತು? ಇಳಿಸಿದ್ದು ಪ್ರಮಾಣ, ಹೆಸರು ಬಂದದ್ದು ಗೋಧಿಗೆ. ಇಲ್ಲಿ ನನಗೆ ಗೊತ್ತಿರುವ ಕನ್ನಡಿಗರೊಬ್ಬರು ಅನ್ನವನ್ನು ವ್ರತದಂತೆ ಬಿಟ್ಟು, ಆ ಸಂಕಟಕ್ಕೆ ರಾತ್ರಿ ಐದು ಚಪಾತಿ ತಿಂದು, ಸಕ್ಕರೆ ಇಳಿಯಲಿಲ್ಲ ಅಂತ ವರ್ಷಗಟ್ಟಲೆ ಕೊರಗಿದರು.

ಈಗ ಬೆಂಗಳೂರಿನ ಮಕ್ಕಳು ಇನ್ನೊಂದು ಜಾಮೀನುದಾರನನ್ನು ಕರೆತಂದಿದ್ದಾರೆ: ಸಿರಿಧಾನ್ಯ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದ ಮೇಲಂತೂ ನವಣೆ ನೂಡಲ್ಸು, ರಾಗಿ ಬಿಸ್ಕತ್ತು, ಸಾಮೆ ದೋಸೆ, ಎಲ್ಲಕ್ಕೂ "ಶುಗರ್‌ಗೆ ಒಳ್ಳೇದು" ಅನ್ನುವ ಮುದ್ರೆ. ನಾನು ರಾಗಿ ಸೀಮೆಯವನು, ರಾಗಿಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ 2008ರಿಂದ 2020ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಏನು ಹೇಳಿತು ನೋಡಿ. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಅಂತ 2023ರಲ್ಲಿ ಅಂದಾಜು ಕೊಟ್ಟದ್ದು ಇದೇ ಸಮೀಕ್ಷೆ. ನಾವು ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಶೇಕಡಾ 62ರಷ್ಟು ಪಿಷ್ಟದಿಂದಲೇ ಬರುತ್ತದೆ ಅಂತ 2025ರಲ್ಲಿ ಪ್ರಕಟವಾದ ಅದರ ಆಹಾರ ವರದಿ ಹೇಳಿತು. ಒಟ್ಟು ಪಿಷ್ಟವನ್ನು ಇಳಿಸದೆ ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು ಕೂರಿಸಿದರೆ ಮಧುಮೇಹದ ಅಪಾಯ ತಗ್ಗಿದ್ದು ಕಾಣಲಿಲ್ಲ. ಸ್ವಲ್ಪ ಪಿಷ್ಟ ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನು ಬಂದರೆ ಅಪಾಯ ಕಡಿಮೆ ಕಂಡಿತು. ನನ್ನ ಡೈರಿ ಹೇಳಿದ್ದೂ ಅದನ್ನೇ.

ಆದರೆ ಇದನ್ನೆಲ್ಲ ನೋಡುವುದಕ್ಕೆ ಊಟದ ನಂತರ ಪರೀಕ್ಷೆ ಮಾಡಿಕೊಳ್ಳಬೇಕಲ್ಲ! ನಮ್ಮವರು ಅದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾಡುತ್ತಾರೆ. ನನ್ನ ಅಕ್ಕನ ಗಂಡ, ಊರಿನಲ್ಲಿರುವ ಭಾವ, ಮೂರು ತಿಂಗಳಿಗೊಮ್ಮೆ ತಪ್ಪದೆ ಲ್ಯಾಬಿಗೆ ಹೋಗುತ್ತಿದ್ದರು. ಹಿಂದಿನ ರಾತ್ರಿ ಬರೀ ಮಜ್ಜಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತ. "124 ಕಣಯ್ಯ, ಕಂಟ್ರೋಲಿನಲ್ಲಿದೆ" ಅಂತ ನನಗೆ ಫೋನು. ಮಧ್ಯಾಹ್ನದ ಎರಡು ಮುದ್ದೆ, ಸಂಜೆಯ ಕೊಬ್ಬರಿ ಬೆಲ್ಲ, ರಾತ್ರಿಯ ಬಾಳೆಹಣ್ಣು, ಇವು ಯಾವ ಲೆಕ್ಕಕ್ಕೂ ಸೇರಲಿಲ್ಲ. ಬ್ಯಾಂಕಿನಲ್ಲಿ ಇದಕ್ಕೆ ವಿಂಡೋ ಡ್ರೆಸಿಂಗ್ ಅನ್ನುತ್ತಿದ್ದೆವು. ಮಾರ್ಚ್ 31ರಂದು ಠೇವಣಿ ಉಬ್ಬಿಸಿ ತೋರಿಸಿ ಏಪ್ರಿಲ್ಲಿನಲ್ಲಿ ಖಾಲಿ ಮಾಡುವ ಆಟ. ಬ್ಯಾಂಕಿನಲ್ಲಿ ಆ ಆಟ ಇನ್‌ಸ್ಪೆಕ್ಷನ್ನಿನಲ್ಲಿ ಸಿಕ್ಕಿಬೀಳುತ್ತದೆ. ಭಾವನ ವಿಷಯದಲ್ಲಿ ಸಿಕ್ಕಿಬಿದ್ದದ್ದು ಪಾದದಲ್ಲಿ. ಸ್ಪರ್ಶ ಸತ್ತುಹೋಗಿದ್ದರಿಂದ ಚಪ್ಪಲಿ ಕಚ್ಚಿದ್ದು ಗೊತ್ತಾಗಲಿಲ್ಲ, ಗಾಯ ಕೊಳೆಯಿತು, ಎರಡು ಬೆರಳು ತೆಗೆದರು. ಆಗ ಮಾಡಿಸಿದ ಎಚ್‌ಬಿಎ1ಸಿ 8.9.

ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಬ್ಯಾಲೆನ್ಸ್ ಇದ್ದ ಹಾಗೆ. 7 ಅಂದರೆ ಸರಾಸರಿ 154. ಅದು ಬೇಕೇ ಬೇಕು. ಆದರೆ ಸರಾಸರಿಯೂ ಮರೆಮಾಚುತ್ತದೆ. 60ಕ್ಕೆ ಇಳಿದು 250ಕ್ಕೆ ಏರಿದವನ ಸರಾಸರಿಯೂ ಮರ್ಯಾದಸ್ಥರ ಹಾಗೆ ಕಾಣುತ್ತದೆ. ರಕ್ತಹೀನತೆ ಇರುವವರಲ್ಲಿ ಆ ಅಂಕಿಯೇ ದಾರಿ ತಪ್ಪಿಸಬಹುದು. ಯಾವ ಊಟ ಏನು ಮಾಡಿತು ಅಂತ ಹೇಳುವುದು ದಿನವಹಿ ಪುಸ್ತಕ ಮಾತ್ರ; ಅದೇ ಮೀಟರು.

ಮೀಟರನ್ನು ವಿರೋಧಿಸುವ ಡಾಕ್ಟರುಗಳ ಕೈಯಲ್ಲೂ ಒಂದು ಅಸ್ತ್ರವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇನ್ಸುಲಿನ್ ತೆಗೆದುಕೊಳ್ಳದ 450 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ದಿನಕ್ಕೊಮ್ಮೆ ಪರೀಕ್ಷೆ ಮಾಡಿಕೊಂಡವರಿಗೂ ಮಾಡಿಕೊಳ್ಳದವರಿಗೂ ವರ್ಷದ ಕೊನೆಗೆ ಎಚ್‌ಬಿಎ1ಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಪ್ಪಿದೆ. ಪಾಸ್‌ಬುಕ್ಕಿಗೆ ದಿನಾ ಎಂಟ್ರಿ ಹಾಕಿಸಿ ಬೀರುವಿನಲ್ಲಿಟ್ಟರೆ ಸಾಲ ತೀರುತ್ತದೆಯೇ? 2011ರಲ್ಲಿ ಪೊಲೊನ್ಸ್ಕಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ರೋಗಿಗಳು ಡಾಕ್ಟರ ಭೇಟಿಗೆ ಮುಂಚೆ ಮೂರು ದಿನ, ದಿನಕ್ಕೆ ಏಳು ಸಲ, ಊಟದ ಹಿಂದೆ ಮುಂದೆ ನೋಡಿ ಬರೆದುಕೊಂಡು, ಆ ಹಾಳೆಯನ್ನು ಇಬ್ಬರೂ ಕೂತು ಓದಿದರು. ಅವರ ಎಚ್‌ಬಿಎ1ಸಿ ಇನ್ನೊಂದು ಗುಂಪಿನವರದಕ್ಕಿಂತ ಹೆಚ್ಚು ಇಳಿಯಿತು. ಚುಚ್ಚಿಕೊಂಡರೆ ಸಾಲದು, ಅಂಕಿ ನೋಡಿ ತಟ್ಟೆ ಬದಲಾಯಿಸಬೇಕು.

ಖರ್ಚಿನ ಮಾತು ಬರುತ್ತದೆ. ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿ ಆಸುಪಾಸು ಬೀಳುತ್ತದೆ. ಆಯುಷ್ಯಪೂರ್ತಿ ದಿನಾ ಚುಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಎರಡು ವಾರ, ದಿನಕ್ಕೊಂದು ಊಟ ಆರಿಸಿಕೊಳ್ಳಿ. ಒಂದು ದಿನ ತಿಂಡಿ, ಮರುದಿನ ಮಧ್ಯಾಹ್ನದ್ದು, ಆಮೇಲೆ ರಾತ್ರಿಯದು. ಊಟಕ್ಕೆ ಮುಂಚೆ ಒಂದು, ಎರಡು ಗಂಟೆ ಬಿಟ್ಟು ಒಂದು. ಇಪ್ಪತ್ತೆಂಟು ಸ್ಟ್ರಿಪ್, ಆರುನೂರು ರೂಪಾಯಿಯ ಒಳಗೆ. ನಿಮ್ಮ ಶತ್ರು ಯಾರು, ಮಿತ್ರ ಯಾರು ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಹೊಸ ಪದಾರ್ಥ ತಿಂದಾಗ, ಮಾತ್ರೆ ಬದಲಾದಾಗ ನೋಡಿಕೊಂಡರಾಯಿತು. ನನ್ನ ಅಂಕಿಗಳನ್ನು ನಕಲು ಮಾಡಬೇಡಿ. ನನ್ನಾಕೆಗೂ ಈ ಕಾಯಿಲೆ ಇದೆ; ನನಗೆ ಅಷ್ಟಾಗಿ ಏರಿಸದ ಇಡ್ಲಿ ಅವಳಿಗೆ 200 ದಾಟಿಸುತ್ತದೆ.

ಕೈ ತೊಳೆದು ಒರೆಸಿಕೊಂಡು ಚುಚ್ಚಿಕೊಳ್ಳಿ, ಹಣ್ಣು ಹಿಡಿದ ಬೆರಳು ಸುಳ್ಳು ಹೇಳುತ್ತದೆ. ಹತ್ತು ಹದಿನೈದು ಅಂಕಿಯ ಹೆಚ್ಚುಕಮ್ಮಿಗೆ ತಲೆ ಕೆಡಿಸಿಕೊಳ್ಳಬೇಡಿ, ಮೀಟರಿಗೂ ಶೇಕಡಾ ಹದಿನೈದರವರೆಗೆ ತಪ್ಪುವ ಸ್ವಾತಂತ್ರ್ಯ ಉಂಟು. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಅನ್ನ ಇಳಿಸಲೇಬಾರದು, ಸಕ್ಕರೆ ಪಾತಾಳಕ್ಕೆ ಹೋದೀತು. ನಡುಕ, ಬೆವರು ಬಂದು ಮೀಟರು 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಮಕ್ಕಳೆಲ್ಲ ದೂರ ಇರುವ ನಮ್ಮಂಥ ಮುದಿ ದಂಪತಿಗಳ ಮನೆಯಲ್ಲಿ ಇದು ಇಬ್ಬರಿಗೂ ಗೊತ್ತಿರಬೇಕು.

ಇಷ್ಟೆಲ್ಲ ಯಾಕೆ, ಎರಡು ಚಪಾತಿ ತಿಂದು ಸುಮ್ಮನಿರಬಾರದೇ ಅನ್ನುತ್ತೀರಿ. ಊರಲ್ಲಿರುವವರಿಗೆ ಅದು ಬರೀ ಊಟದ ಪ್ರಶ್ನೆ. ಊರು ಬಿಟ್ಟವನಿಗೆ ಹಾಗಲ್ಲ. ಭಾಷೆ ಮನೆಯೊಳಗಷ್ಟೇ ಉಳಿಯಿತು, ಹಬ್ಬಗಳು ಇಲ್ಲಿಯವರ ಲೆಕ್ಕಕ್ಕೆ ಹೊಂದಿಕೊಂಡವು, ಮೊಮ್ಮಕ್ಕಳು ಹಿಂದಿಯಲ್ಲಿ ಜಗಳವಾಡುತ್ತಾರೆ. ಉಳಿದದ್ದು ಸಾರಿನ ಒಗ್ಗರಣೆ. ನನಗೆ ಮೊದಲು ಕೊಟ್ಟ ಪಥ್ಯದ ಚೀಟಿಯಲ್ಲಿ ದಲಿಯಾ ಇತ್ತು, ಪನೀರ್ ಇತ್ತು, ಮಿಸ್ಸೀ ರೋಟಿ ಇತ್ತು. ಸಾರು, ಹುಳಿ, ಮಜ್ಜಿಗೆಹುಳಿ, ಬಸ್ಸಾರು ಯಾವುದೂ ಇರಲಿಲ್ಲ. ಬರೆದವರಿಗೆ ದ್ವೇಷವೇನಿಲ್ಲ, ಗೊತ್ತಿಲ್ಲ ಅಷ್ಟೆ. ಆದರೆ ಗೊತ್ತಿಲ್ಲದವರು ಬರೆದ ಚೀಟಿಗೆ ನಮ್ಮ ಅಡುಗೆಮನೆ ಒಪ್ಪಿಸಿ ಕೂರಬೇಕೇ? ದೆಹಲಿಯ ಚಳಿಗಾಲದಲ್ಲಿ ಸಿಗುವಷ್ಟು ಮೆಂತ್ಯ, ಪಾಲಕ್, ಸಾಸಿವೆ ಸೊಪ್ಪು ತಿಪಟೂರಿನ ಸಂತೆಯಲ್ಲೂ ನಾನು ಕಂಡಿಲ್ಲ. ಅದರಲ್ಲಿ ಬಸ್ಸಾರು ಮಾಡಿ, ಮೊಳಕೆ ಕಟ್ಟಿದ ಹುರುಳಿಕಾಳು ಹಾಕಿ, ಪಲ್ಯವನ್ನು ಮೊದಲು ತಿಂದು, ಅನ್ನವನ್ನು ಕೊನೆಗೆ ಅರ್ಧ ಬಟ್ಟಲು ಕಲಸಿಕೊಂಡರೆ ಮೀಟರೂ ತಕರಾರು ತೆಗೆಯುವುದಿಲ್ಲ. ನವೆಂಬರಿನ ಹೊಗೆಯಲ್ಲಿ ಪಾರ್ಕಿಗೆ ಹೋಗಲಾಗದಿದ್ದರೆ ಊಟವಾದ ಮೇಲೆ ಹಾಲಿನಿಂದ ಅಡುಗೆಮನೆಗೆ ಕಾಲು ಗಂಟೆ ಓಡಾಡುತ್ತೇವೆ.

ಆದ್ದರಿಂದ ಊರಿನವರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಸಲ ಬಂದಾಗ ನನಗೆ ಪ್ರತ್ಯೇಕ ಚಪಾತಿ ಲಟ್ಟಿಸಬೇಡಿ. ಪಲ್ಯ ಎರಡು ಸಲ ಬಡಿಸಿ, ಅನ್ನ ಒಂದೇ ಸಲ, ಅದೂ ಅರ್ಧ. "ಇನ್ನೊಂಚೂರು" ಅನ್ನುವ ಉಪಚಾರ ಬಿಡಿ. ಮಧುಮೇಹಿಯ ಮನೆಗೆ ಹೋಗುವಾಗ ಮೈಸೂರುಪಾಕಿನ ಬದಲು ಒಂದು ಡಬ್ಬಿ ಸ್ಟ್ರಿಪ್ ತೆಗೆದುಕೊಂಡು ಹೋಗಿ. ಮೂರು ತಿಂಗಳಿಗೊಮ್ಮೆ ಉಪವಾಸ ಮಾಡಿ ಲ್ಯಾಬಿಗೆ ಹೋಗುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಈ ಭಾನುವಾರ ಅವರು ಊಟ ಮಾಡಿದ ಎರಡು ಗಂಟೆಗೆ ಒಂದು ಸಲ ಬೆರಳು ಚುಚ್ಚಿ ನೋಡಿ. ಹಾಗೇ ಅವರ ಪಾದವನ್ನೂ ತಿರುಗಿಸಿ ನೋಡಿ.